ಎಳ್ಳು ತಗೊಳ್ಳೋರು ಬೇಕು

ಮೆಲ್ಬರ್ನಿನಲ್ಲಿ ಸಂಕ್ರಾಂತಿ ಮಾಡಹೊರಟವರಿಗೆ ಮೊದಲ ತಕರಾರು ಸೂರ್ಯನದು. ಪಂಚಾಂಗದ ಪ್ರಕಾರ ಆತ ಮಕರಕ್ಕೆ ಕಾಲಿಟ್ಟು ಉತ್ತರದ ದಾರಿ ಹಿಡಿಯುತ್ತಾನೆ. ಚಳಿ ಇಳಿಯಬೇಕು, ಹಗಲು ಬೆಳೆಯಬೇಕು. ಒಣಗಿದ ಮೈಗೆ ಒಂದಿಷ್ಟು ಜಿಡ್ಡು ಬೇಕೆಂದೇ ಎಳ್ಳು, ಕೊಬ್ಬರಿ, ಕಡಲೆಕಾಯಿ. ಮೈಸೂರಿನಲ್ಲಿ ಇದೆಲ್ಲ ಒಂದಕ್ಕೊಂದು ಹೊಂದುತ್ತಿತ್ತು. ತುಟಿ ಒಡೆದಿರುತ್ತಿತ್ತು, ಅಂಗಳದಲ್ಲಿ ಬೆಳಗಿನ ಮಂಜು ಇರುತ್ತಿತ್ತು, ದೇವರಾಜ ಮಾರ್ಕೆಟ್ಟಿನ ಮುಂದೆ ಕಬ್ಬಿನ ರಾಶಿ ಇರುತ್ತಿತ್ತು. ಇಲ್ಲಿ, ಭೂಮಧ್ಯರೇಖೆಯಿಂದ ಸುಮಾರು 38 ಡಿಗ್ರಿ ಕೆಳಗೆ, ಜನವರಿ ಅಂದರೆ ನಡುಬೇಸಿಗೆ. ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ಆತ ಇನ್ನೂ ಉತ್ತರಕ್ಕೆ ಹೊರಟ ಅಂದರೆ ನಮ್ಮನ್ನು ಬಿಟ್ಟು ಹೊರಟ ಅಂತಲೇ ಅರ್ಥ. ಡಿಸೆಂಬರ್ 22 ದಾಟಿದಾಗಿನಿಂದ ಹಗಲು ಒಂದೊಂದೇ ನಿಮಿಷ ಕರಗುತ್ತಿರುತ್ತದೆ. ಉತ್ತರಾಯಣಕ್ಕೆ ಕಾದು ಪ್ರಾಣ ಬಿಟ್ಟ ಭೀಷ್ಮ ಇಲ್ಲಿ ಶರಶಯ್ಯೆ ಹಾಸಿಕೊಂಡಿದ್ದರೆ ಯಾವ ಕಡೆ ಮುಖ ಮಾಡಿ ಕಾಯುತ್ತಿದ್ದನೋ.

ಈ ಲೆಕ್ಕವನ್ನೆಲ್ಲ ನಾನು ನಮ್ಮ ಅತ್ತೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ನಿಂಬೆಹಣ್ಣು ಇಟ್ಟು ವಿವರಿಸಿದ್ದೆ. ಅವರು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯವರು. ಗದ್ದೆ, ಹಸು, ಕಬ್ಬಿನ ಗಾಣ ಕಂಡವರು. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಇವತ್ತು ಅವನು ನಮ್ಮೂರಿಗೆ ಹೊರಟ ಅನ್ನು" ಅಂದರು. ಹೌದು ಅಂದೆ. "ಸರಿ ಹಾಗಾದ್ರೆ. ಮನೆಯಿಂದ ಹೊರಡೋರಿಗೆ ಬಾಯಿ ಸಿಹಿ ಮಾಡಿ ಕಳಿಸಬೇಕು ತಾನೇ? ಎಳ್ಳು ಹುರಿ, ನಡಿ." ಖಗೋಳದ ಮಾತು ಅಲ್ಲಿಗೆ ಮುಗಿಯಿತು.

ಅತ್ತೆ ಬರುವ ಮುಂಚೆಯೂ ನಾವು ಹಬ್ಬ ಮಾಡುತ್ತಿದ್ದೆವು. ವಿದೇಶದಲ್ಲಿ ಹಬ್ಬ ಅಂದರೆ ಸಾಮಾನು ಸಿಗದ ಸಂಕಟ ಎಂದು ಊರಿನವರು ತಿಳಿದಿರುತ್ತಾರೆ. ಅದು ಹಳೆಯ ಕಾಲದ ಮಾತು. ಡ್ಯಾಂಡಿನಾಂಗಿನ ಫಾಸ್ಟರ್ ಸ್ಟ್ರೀಟಿನ ಅಂಗಡಿಗಳಲ್ಲಿ ಬಿಳಿ ಎಳ್ಳು, ಹುರಿಗಡಲೆ, ಕೊಬ್ಬರಿ ಗಿಟುಕು, ಅಚ್ಚು ಬೆಲ್ಲ ಎಲ್ಲವೂ ಸಿಗುತ್ತವೆ. ಕಬ್ಬು ಬೇಕಾದರೆ ಸ್ಪ್ರಿಂಗ್‌ವೇಲಿಗೆ ಹೋಗಬೇಕು. ಅಲ್ಲಿನ ವಿಯೆಟ್ನಾಮಿನವರು ಹಾಲು ಹಿಂಡಲು ಇಟ್ಟುಕೊಂಡಿರುವ ಜಲ್ಲೆಯಲ್ಲಿ ಎರಡು ತುಂಡು ಕೇಳಿದರೆ ಕೊಡುತ್ತಾರೆ. ಮಕ್ಕಳ ತಲೆಗೆ ಎರೆಯಲು ಎಲಚಿಹಣ್ಣೂ ಅಲ್ಲೇ, ಒಣಗಿಸಿದ್ದು, ಕೆಂಪು ಖರ್ಜೂರ ಎಂಬ ಹೆಸರಿನಲ್ಲಿ ಪೊಟ್ಟಣ ಕಟ್ಟಿಟ್ಟಿರುತ್ತಾರೆ. ತುಸು ದಪ್ಪ, ಆದರೆ ಜಾತಿ ಎಲಚಿಯದೇ. ಜನವರಿ ಚೆರಿ ಹಣ್ಣಿನ ಕಾಲ ಎಂದು ಒಬ್ಬ ಗೆಳತಿ ತನ್ನ ಮಗುವಿಗೆ ಚೆರಿ ಎರೆದು, ಬಿಳಿ ಜುಬ್ಬದ ಗತಿ ಏನಾಯಿತೆಂದು ವರ್ಷಗಟ್ಟಲೆ ಹೇಳಿಕೊಂಡು ನಕ್ಕಳು.

ಅವರೆಕಾಯಿ ಸಿಗುವುದು ಫ್ರೀಜರಿನಲ್ಲಿ, ಸುರ್ತಿ ಪಾಪ್ಡಿ ಲಿಲ್ವಾ ಎಂಬ ಗುಜರಾತಿ ಹೆಸರು ಹೊತ್ತು. ಸೊಗಡಿಲ್ಲ, ಆದರೆ ಹುಗ್ಗಿಗೆ ಮೋಸವಿಲ್ಲ. ಈ ದೇಶದಲ್ಲಿ ಅವರೆಯನ್ನು ಎಕರೆಗಟ್ಟಲೆ ಬೆಳೆಯುತ್ತಾರೆ ಎಂದು ತಿಳಿದಾಗ ನನಗಾದ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ರೊಂಗಾಯ್ ಎಂಬ ತಳಿಯನ್ನು ಕೀನ್ಯಾದಿಂದ ತಂದು ಬೆಳೆಸುವುದು ದನದ ಮೇವಿಗೆ. ಅತ್ತೆಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. "ನಾವು ವರ್ಷಕ್ಕೊಂದ್ಸಲ ಕೊಂಬಿಗೆ ಬಣ್ಣ ಹಚ್ತೀವಿ, ಇವರು ದಿನಾ ಅವರೆ ಹಾಕ್ತಾರೆ. ಯಾವ ದನ ಪುಣ್ಯ ಮಾಡಿದ್ದು ನೀನೇ ಹೇಳು."

ಹಾಗಾಗಿ ಸಾಮಾನಿನ ಕೊರತೆ ನಮಗೆ ಯಾವತ್ತೂ ಕಾಡಲಿಲ್ಲ. ಎಳ್ಳು ತಗೊಳ್ಳುವವರದೇ ಕೊರತೆ.

ಬೇರೆ ಹಬ್ಬಗಳನ್ನು ಮನೆಯೊಳಗೆ ಮಾಡಿಕೊಂಡು ಮುಗಿಸಬಹುದು. ಗಣೇಶನನ್ನು ಕೂರಿಸಿ, ಕಡುಬು ತಿಂದು, ಬಕೆಟ್ಟಿನಲ್ಲಿ ಮುಳುಗಿಸಿದರೆ ಆಯಿತು. ಸಂಕ್ರಾಂತಿ ಹಾಗಲ್ಲ. ಎಳ್ಳು ಬೀರದೆ ಆ ಹಬ್ಬ ಆಗುವುದೇ ಇಲ್ಲ. ಚಾಮರಾಜಪುರಂನ ನಮ್ಮ ಬೀದಿಯಲ್ಲಿ ಸಂಜೆ ಐದಾಗುವುದೇ ತಡ, ರೇಷ್ಮೆ ಲಂಗದ ಹುಡುಗಿಯರ ಗುಂಪು ಈ ಮನೆಯಿಂದ ಆ ಮನೆಗೆ ಹರಿಯುತ್ತಿತ್ತು. ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಒಂದು ತುಂಡು ಕಬ್ಬು, ಎರಡು ಬಾಳೆಹಣ್ಣು, ಒಂದು ಸಕ್ಕರೆ ಅಚ್ಚು, ಅರಿಸಿನ ಕುಂಕುಮ. ಕೊಟ್ಟಷ್ಟೇ ಬರುತ್ತಿತ್ತು, ಬಂದಷ್ಟೇ ಕೊಡುತ್ತಿದ್ದೆವು. ಲೆಕ್ಕ ಹಾಕಿದರೆ ಇಡೀ ಬೀದಿಯ ಎಳ್ಳು ಒಂದು ಸುತ್ತು ಹೊಡೆದು ಇದ್ದಲ್ಲಿಗೇ ಬರುತ್ತಿತ್ತು. ಅಮ್ಮ ರಾತ್ರಿ ಪೊಟ್ಟಣಗಳನ್ನು ಬಿಚ್ಚುತ್ತ ತೀರ್ಪು ಕೊಡುತ್ತಿದ್ದಳು: ಇದರಲ್ಲಿ ಕೊಬ್ಬರಿಗಿಂತ ಹುರಿಗಡಲೆ ಜಾಸ್ತಿ, ಇವರ ಬೆಲ್ಲ ಚೆನ್ನಾಗಿ ಒಣಗಿಲ್ಲ, ಇದು ಹೋದ ವರ್ಷದ ಜೀರಿಗೆ ಪೆಪ್ಪರಮಿಂಟು. ಯಾರ ಕೈ ಉದಾರ, ಯಾರದು ಬಿಗಿ ಎಂಬುದು ಬೀದಿಗೆಲ್ಲ ಗೊತ್ತಾಗುತ್ತಿದ್ದದ್ದು ಆ ಒಂದು ಸಂಜೆ. ಎಳ್ಳು ಬೀರಲು ಬಂದ ಹುಡುಗಿಯ ಅಮ್ಮನ ಜತೆ ನಮ್ಮಮ್ಮ ಆರು ತಿಂಗಳಿಂದ ಮಾತು ಬಿಟ್ಟಿದ್ದರೂ, ಹುಡುಗಿಯ ತಟ್ಟೆ ಬರಿದಾಗಿ ವಾಪಸು ಹೋಗುತ್ತಿರಲಿಲ್ಲ.

ಮೆಲ್ಬರ್ನಿನಲ್ಲಿ ನಾವು ಕನ್ನಡದವರು ಕಡಿಮೆಯೇನಿಲ್ಲ, ಆದರೆ ಚೆಲ್ಲಾಪಿಲ್ಲಿ. ನಾವಿರುವುದು ಕ್ಲೇಟನ್ ಕಡೆ. ಅರ್ಧ ಗೆಳೆಯರು ಊರಿನ ಆ ತುದಿಯ ಪಾಯಿಂಟ್ ಕುಕ್‌ನಲ್ಲಿ. ನಲವತ್ತು ಕಿಲೋಮೀಟರಿನ ಮೇಲೆ ದಾರಿ, ನಡುವೆ ವೆಸ್ಟ್‌ಗೇಟ್ ಸೇತುವೆಯ ಟ್ರಾಫಿಕ್ಕು. ಜನವರಿ 14 ಇಲ್ಲಿ ರಜೆಯಲ್ಲ. ಬರುವ ಶನಿವಾರವೋ, ಅದರ ಮುಂದಿನದೋ, ಒಂದು ಬಾಡಿಗೆ ಹಾಲಿನಲ್ಲಿ ಸೇರಿ ಎಲ್ಲರೂ ಎಲ್ಲರಿಗೂ ಒಂದೇ ಉಸಿರಿನಲ್ಲಿ ಡಬ್ಬಿ ಹಂಚುತ್ತೇವೆ. ಅದು ಚೆನ್ನಾಗಿಯೇ ಇರುತ್ತದೆ, ಇಲ್ಲವೆನ್ನಲಾರೆ. ಆದರೆ ಕಾರಿನ ಡಿಕ್ಕಿಯಿಂದ ಡಿಕ್ಕಿಗೆ ದಾಟುವ ಎಳ್ಳಿಗೆ ಹೊಸಿಲು ದಾಟಿ ಬರುವ ಎಳ್ಳಿನ ಹಕ್ಕಿಲ್ಲ ಎಂಬುದು ನನ್ನ ಹಟ.

ಹಾಗಾದರೆ ಕೆಲಸದ ಕಡೆ ಹಂಚಬಹುದಲ್ಲ ಎಂದರೆ, ನಾನು ಕೆಲಸ ಮಾಡುವುದು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ. ಕಡಲೆಕಾಯಿ, ಎಳ್ಳು ಎರಡೂ ಅಲರ್ಜಿಯ ಪಟ್ಟಿಯಲ್ಲಿ ಮೇಲಿರುವ ಹೆಸರುಗಳು. ಈ ಊರಿನ ಒಂದು ವರ್ಷದ ಮಕ್ಕಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಆಹಾರ ಒಗ್ಗುವುದಿಲ್ಲ ಎಂದು ಇಲ್ಲೇ ನಡೆದ ಹೆಲ್ತ್‌ನಟ್ಸ್ ಎಂಬ ಅಧ್ಯಯನ ತೋರಿಸಿಕೊಟ್ಟಿದೆ. ಉಸಿರು ಕಟ್ಟಿದ ಮಗುವಿನ ತೊಡೆಗೆ ಎಪಿಪೆನ್ ಚುಚ್ಚುವುದು ಹೇಗೆಂದು ನಾವೆಲ್ಲ ತರಬೇತಿ ಪಡೆದವರು. ಅಂಥ ಕಡೆಗೆ ನಾನು ಎಳ್ಳು-ಬೆಲ್ಲ ಹಿಡಿದು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ, ತಡೆಯಲೂಬೇಕು. ಹಂಚುವುದೇ ಜೀವಾಳವಾದ ಹಬ್ಬದ ತಿನಿಸು ಹಂಚಲಾಗದ ವಸ್ತುವಾಗಿ ಕೂತಿತ್ತು. ಕೆಲವು ವರ್ಷ ನಾವೇ ಮಾಡಿ ನಾವೇ ತಿಂದೆವು. ಮಾರ್ಚಿನವರೆಗೂ ಸಂಜೆ ಕಾಫಿಯ ಜತೆ ಅದೇ.

2013ರ ಡಿಸೆಂಬರಿನಲ್ಲಿ ಅತ್ತೆ ಬಂದರು. ಟಲ್ಲಮರೀನ್ ವಿಮಾನ ನಿಲ್ದಾಣದಲ್ಲಿ ನಮ್ಮ ಯಜಮಾನರು ಅವರ ಆಗಮನದ ಕಾರ್ಡಿನಲ್ಲಿ ಎಲ್ಲ ಪ್ರಶ್ನೆಗೂ ಹೌದು ಎಂದೇ ಗುರುತು ಹಾಕಿಸಿಕೊಂಡು ಬಂದಿದ್ದರು. ಆಹಾರ ಇದೆಯೇ, ಇದೆ. ಬೀಜ ಇದೆಯೇ, ಇದೆ. ಮರದ ಸಾಮಾನು ಇದೆಯೇ, ಇದೆ. ತೋರಣಕ್ಕೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಮಾವಿನೆಲೆ ತೊಟ್ಟಿಗೆ ಬಿತ್ತು. ಅದಕ್ಕೆ ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲವಂತೆ. ಆಮೇಲೆ ಕ್ವಾರಂಟೈನ್ ಅಧಿಕಾರಿ ಹಳೆಯ ಸೀರೆಯ ಗಂಟು ಬಿಚ್ಚಿದಳು. ಒಳಗೆ ಸಕ್ಕರೆ ಅಚ್ಚಿನ ಮರದ ಅಚ್ಚುಗಳು. ಅತ್ತೆಯ ಅತ್ತೆಯ ಕಾಲದವು. ಗಿಳಿ, ಮೀನು, ಕಳಶ, ಬಸವ, ತುಳಸಿಕಟ್ಟೆ. ಎರಡೆರಡು ಹೋಳು ಸೇರಿಸಿ ದಾರ ಸುತ್ತಿದ್ದವು. ಅಧಿಕಾರಿ ಒಂದೊಂದನ್ನೂ ಬಿಡಿಸಿ, ಕೊರೆದ ಜಾಗಕ್ಕೆ ಟಾರ್ಚು ಬಿಟ್ಟು ನೋಡಿದಳು. ಬಸವನ ಬೆನ್ನ ಮೇಲೆ ಸೂಜಿಮೊನೆಯಷ್ಟು ತೂತು. ಹುಳು ಕೊರೆದದ್ದು. ಅವಳು ಬಿಳಿ ಕಾಗದ ಹಾಸಿ, ಅದರ ಮೇಲೆ ಬಸವನನ್ನು ಬೋರಲು ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ ಅಂತ ಲೆಕ್ಕ. ತಿರುಗಿಸಿ ಇನ್ನೊಮ್ಮೆ ತಟ್ಟಿದಳು. ಕಾಗದ ಬೆಳ್ಳಗೇ ಇತ್ತು. "ನಮ್ಮೂರಲ್ಲಿ ಹೆಣ್ಣು ನೋಡೋಕೆ ಬಂದೋರೂ ಇಷ್ಟು ಸೂಕ್ಷ್ಮವಾಗಿ ನೋಡಲ್ಲ" ಎಂದು ಅತ್ತೆ ಮನೆಗೆ ಬಂದು ಹೇಳಿದರು. ಕೊನೆಗೆ ಆ ಹೆಣ್ಣುಮಗಳು ಗಿಳಿಯ ಅಚ್ಚಿನೊಳಗೆ ಬೆರಳಾಡಿಸಿ ಏನೋ ಕೇಳಿದಳಂತೆ. ಭಾಷೆ ಬಾರದ ಅತ್ತೆ, ಸಕ್ಕರೆ ಎಂದು ತೋರಿಸಲು, ನಾಲಿಗೆ ಚಪ್ಪರಿಸಿದರಂತೆ.

ಆ ಸಂಕ್ರಾಂತಿಯನ್ನು ಮೆಲ್ಬರ್ನಿನ ಹಳಬರಾರೂ ಮರೆತಿಲ್ಲ, ಹಬ್ಬದ ಕಾರಣಕ್ಕಲ್ಲ. 2014ರ ಜನವರಿ 14ರಿಂದ 17ರವರೆಗೆ ನಾಲ್ಕು ದಿನ ಬಿಡದೆ ಬಿಸಿಲು 41 ಡಿಗ್ರಿ ದಾಟಿತು. ಆಸ್ಟ್ರೇಲಿಯನ್ ಓಪನ್ ನಡೆಯುತ್ತಿತ್ತು. 14ರಂದೇ ಒಬ್ಬ ಆಟಗಾರ ಕೋರ್ಟಿನಲ್ಲಿ ಎಚ್ಚರ ತಪ್ಪಿ ಬಿದ್ದ, 16ರಂದು ಹೊರಗಿನ ಕೋರ್ಟುಗಳಲ್ಲಿ ಆಟವನ್ನೇ ನಿಲ್ಲಿಸಿದರು. ಇಂಥ ದಿನಗಳಲ್ಲಿ ಬಯಲಿನಲ್ಲಿ ಕಡ್ಡಿ ಗೀರುವುದಕ್ಕೂ ಇಲ್ಲಿ ನಿಷೇಧ ಹೊರಡುತ್ತದೆ. 2009ರ ಫೆಬ್ರವರಿ 7ರ ಕಾಡ್ಗಿಚ್ಚಿನಲ್ಲಿ ಈ ರಾಜ್ಯದ 173 ಜನ ಸತ್ತಿದ್ದರು. ಅದನ್ನು ಕಂಡವರು ಬೆಂಕಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಸಂಕ್ರಾಂತಿ ಅಂದರೆ ಹುಲ್ಲಿಗೆ ಬೆಂಕಿ ಹಚ್ಚಿ ದನಕ್ಕೆ ಕಿಚ್ಚು ಹಾಯಿಸುವುದು ಎಂದು ತಿಳಿದುಕೊಂಡು ಬಂದ ಅತ್ತೆಗೆ ಇದನ್ನು ಹೇಗೆ ಹೇಳುವುದೋ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದೆ. ಅವರು ಟೀವಿಯಲ್ಲಿ ಹೊಗೆ ಕವಿದ ಬೆಟ್ಟಗಳನ್ನು ನೋಡಿ ತಾವೇ, "ಕಿಚ್ಚು ಈ ದೇಶ ಪೂರ್ತಿ ಹಾಯಿಸಿದಾರೆ, ನಮ್ಮದೇನೂ ಬೇಡ" ಅಂದುಬಿಟ್ಟರು.

ಬೆಲ್ಲ, ಕೊಬ್ಬರಿ ಹೆಚ್ಚಿದ್ದು ವಾರದ ಮುಂಚೆ. ಗಿಟುಕಿನ ಕಂದು ಸಿಪ್ಪೆಯನ್ನು ಅತ್ತೆ ತುರಿಮಣೆಗೆ ಉಜ್ಜಿ ತೆಗೆದು, ಎಲೆಯಡಿಕೆ ಕಾಲದ ಅಡಕೊತ್ತಿನಲ್ಲಿ ಕತ್ತರಿಸುತ್ತಿದ್ದರು. ಒಂದೊಂದು ಚೂರೂ ಅಗುಳಿನ ಗಾತ್ರ. ಮೈಸೂರಿನಲ್ಲಿ ಇದನ್ನು ಒಣಗಿಸಲು ಮೂರು ದಿನ ಎಳೆಬಿಸಿಲಿಗೆ ಮಹಡಿ ಹತ್ತಿಸಿ ಇಳಿಸಬೇಕಿತ್ತು. ಇಲ್ಲಿ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಪೇಪರು ಹಾಸಿ, ಮ್ಯಾಗ್‌ಪೈ ಹಕ್ಕಿಗೆ ಹೆದರಿ ಮೇಲೊಂದು ಪಂಚೆ ಹೊದಿಸಿ ಒಳಗೆ ಬಂದೆವು. ಮಧ್ಯಾಹ್ನ ಹೋಗಿ ನೋಡಿದರೆ ಕೊಬ್ಬರಿ ಬೆವರುತ್ತಿತ್ತು. ಎಣ್ಣೆ ಬಿಟ್ಟುಕೊಂಡು ಪೇಪರು ಗಾಜಿನಷ್ಟು ತೆಳ್ಳಗಾಗಿ ಕೆಳಗಿನ ಹುಲ್ಲು ಕಾಣುತ್ತಿತ್ತು. ಅಷ್ಟನ್ನೂ ಮತ್ತೆ ಒಳಗೆ ತಂದು, ಟಿಶ್ಯೂ ಕಾಗದದಲ್ಲಿ ಒರೆಸಿ, ಫ್ರಿಜ್ಜಿನಲ್ಲಿಟ್ಟು ಒಣಗಿಸಿದೆವು. ಎಳ್ಳಿನ ಹಬ್ಬದ ಕೊಬ್ಬರಿಯನ್ನು ಫ್ರಿಜ್ಜಿನಲ್ಲಿ ಒಣಗಿಸಿದ ಮೊದಲ ಮನೆ ನಮ್ಮದೇ ಇರಬೇಕು.

ಸಕ್ಕರೆ ಅಚ್ಚನ್ನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡಿದೆವು, ತಂಪು ಹೊತ್ತೆಂದು. ಸಕ್ಕರೆ ಮುಳುಗುವಷ್ಟು ನೀರು, ಕುದಿ ಬಂದಾಗ ಒಂದು ಚಮಚ ಹಾಲು. ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂದರೆ ಬಟ್ಟೆಯಲ್ಲಿ ಸೋಸುವುದು. ಆಮೇಲೆ ಒಂದೊಂದು ಸೌಟೇ ಬೇರೆ ಪಾತ್ರೆಗೆ ಹಾಕಿ, ನಾಲ್ಕು ಹನಿ ನಿಂಬೆರಸ ಬಿಟ್ಟು, ಪಾಕ ಬೆಳ್ಳಗೆ ಮಂದವಾಗುವ ಆ ಒಂದು ಗಳಿಗೆ ನೋಡಿಕೊಂಡು ಅಚ್ಚಿಗೆ ಸುರಿಯಬೇಕು. ಒಂದು ಉಸಿರು ಮುಂಚೆ ಸುರಿದರೆ ಅಂಟು, ಒಂದು ಉಸಿರು ತಡವಾದರೆ ಪಾತ್ರೆಯಲ್ಲೇ ಕಲ್ಲು. ಅಚ್ಚುಗಳು ರಾತ್ರಿಯಿಡೀ ನೀರಿನಲ್ಲಿ ನೆನೆದಿದ್ದವು. ಅತ್ತೆ ದಾರ ಬಿಚ್ಚಿ ಹೋಳು ಬೇರ್ಪಡಿಸುವಾಗ ನಾವು ಯಾರೂ ಮಾತಾಡುವ ಹಾಗಿರಲಿಲ್ಲ. ಗಿಳಿಯ ಕೊಕ್ಕು ಮುರಿಯದೆ ಬಂದಾಗ ನನ್ನ ಮಗಳು ಚಪ್ಪಾಳೆ ತಟ್ಟಿದಳು. ಬಸವನ ಬೆನ್ನ ಮೇಲೆ ಆ ಹುಳುವಿನ ತೂತಿನ ಜಾಗದಲ್ಲಿ ಸಾಸಿವೆಯಷ್ಟು ಸಕ್ಕರೆಯ ಮೊಡವೆ ಎದ್ದಿತ್ತು.

ಸಂಜೆ ಎಂಟು ಗಂಟೆಗೂ ಕಣ್ಣು ಕುಕ್ಕುವ ಬಿಸಿಲು. ಮುಳುಗುವುದು ಎಂಟೂ ಮುಕ್ಕಾಲು ಆಗುತ್ತ ಬಂದಾಗ. ಅತ್ತೆ ರೇಷ್ಮೆ ಸೀರೆ ಉಟ್ಟು, ಮೊಮ್ಮಗಳಿಗೆ ಲಂಗ ಹಾಕಿಸಿ, ತಟ್ಟೆ ಸಿದ್ಧ ಮಾಡಿಕೊಂಡು ಹಾಲಿನಲ್ಲಿ ಕೂತಿದ್ದರು. "ನಡಿ, ಯಾರ ಮನೆಗೆ ಮೊದಲು?" ನಾನು ಪಾಯಿಂಟ್ ಕುಕ್, ಶನಿವಾರ, ಬಾಡಿಗೆ ಹಾಲು ಎಂದೆಲ್ಲ ಹೇಳಿದೆ. ಅವರು ಕಿಟಕಿಯ ಹೊರಗೆ ಬೆರಳು ತೋರಿಸಿದರು. "ಈ ಮನೇಲಿ ಜನ ಇಲ್ವಾ?"

ಪಕ್ಕದ ಮನೆಯಲ್ಲಿ ಇದ್ದದ್ದು ಒಬ್ಬ ಗ್ರೀಕ್ ಮುದುಕಿ. ಮೊಮ್ಮಕ್ಕಳು ಕರೆಯುವ ಹಾಗೆ ನಾವೂ ಯಾಯಾ ಎನ್ನುತ್ತಿದ್ದೆವು. ಗ್ರೀಕರಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಗಂಡ ಹೋದಾಗಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ಕಂಡಿಲ್ಲ. ಮುಂದಿನ ಅಂಗಳಕ್ಕೆಲ್ಲ ಸಿಮೆಂಟು, ಮೂಲೆಯಲ್ಲಿ ನಿಂಬೆ ಮರ, ಬೇಲಿಯ ಮೇಲೆ ದ್ರಾಕ್ಷಿ ಬಳ್ಳಿ. ಬೇಲಿಯಾಚೆಯಿಂದ ಕೈ ಬೀಸುವಷ್ಟು ಪರಿಚಯ ಅಷ್ಟೇ. ಎಳ್ಳಿನ ವಿಚಾರದಲ್ಲಿ ನನಗೆ ಅಲರ್ಜಿಯ ಹೆದರಿಕೆ ಇದ್ದೇ ಇತ್ತು. ಅತ್ತೆಗೆ ಅದ್ಯಾವುದೂ ಇರಲಿಲ್ಲ. ಅವರು ಮುಂದೆ, ಲಂಗ ಎತ್ತಿ ಹಿಡಿದ ಮಗಳು ನಡುವೆ, ನಾನು ಹಿಂದೆ.

ಬಾಗಿಲು ತೆರೆದ ಯಾಯಾ ತಟ್ಟೆ ನೋಡಿದಳು. ಪಾರದರ್ಶಕ ಪೊಟ್ಟಣದಲ್ಲಿ ಎಳ್ಳು ಕಾಣುತ್ತಿತ್ತು. ಅವಳ ಮುಖ ಇಳಿಯಿತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಅತ್ತೆಯ ಮುಂಗೈ ಹಿಡಿದು, ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದಳು: "ಯಾರು ಹೋದರು?"

ನನಗೆ ಒಂದು ನಿಮಿಷ ಏನೂ ಹೊಳೆಯಲಿಲ್ಲ. ಆಮೇಲೆ ಗೊತ್ತಾದದ್ದು ಇದು. ಗ್ರೀಕರಲ್ಲಿ ಸತ್ತವರ ನೆನಪಿಗೆ ಕೋಲಿವಾ ಎಂದು ಮಾಡುತ್ತಾರೆ. ಬೇಯಿಸಿದ ಗೋಧಿ, ಹುರಿದ ಎಳ್ಳು, ಬಾದಾಮಿ, ಒಣದ್ರಾಕ್ಷಿ, ದಾಳಿಂಬೆ ಬೀಜ, ಮೇಲೆ ಸಕ್ಕರೆ ಪುಡಿ. ಚರ್ಚಿನಲ್ಲಿ ಪ್ರಾರ್ಥನೆ ಆದಮೇಲೆ ಸಣ್ಣ ಸಣ್ಣ ಚೀಲದಲ್ಲಿ ಹಾಕಿ ಬಂದವರಿಗೆಲ್ಲ ಹಂಚುತ್ತಾರೆ. ಪಕ್ಕದ ಮನೆಯವರು ಚೆನ್ನಾಗಿ ಉಟ್ಟುಕೊಂಡು ಬಂದು ಎಳ್ಳಿನ ಪೊಟ್ಟಣ ನೀಡಿದರೆ ಅವಳು ಇನ್ನೇನು ತಿಳಿಯಬೇಕು?

ಅವಳು ಕೇಳಿದ್ದನ್ನು ಅತ್ತೆಗೆ ಹೇಳಲೋ ಬೇಡವೋ ಎಂದು ತಡವರಿಸಿದೆ. ಹಬ್ಬದ ದಿನ, ಕೈಯಲ್ಲಿ ಅರಿಸಿನ ಕುಂಕುಮ. ಅತ್ತೆ ಬಿಡಲಿಲ್ಲ. ಹೇಳಿದೆ. ಬೈಯುತ್ತಾರೆ, ಅಪಶಕುನ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಯಾಯಾಳ ಕೈ ಬಿಡಿಸಿಕೊಳ್ಳದೆ ಹಾಗೇ ನಿಂತು ಹೇಳಿದರು: "ಸರಿಯಾಗೇ ಕೇಳಿದಾಳೆ ಕಣಮ್ಮ. ಎಳ್ಳು ಅಂದಮೇಲೆ ಕೇಳಬೇಕಾದ್ದೇ. ತರ್ಪಣ ಬಿಡೋದು ಯಾತರಲ್ಲಿ? ಬರೀ ಎಳ್ಳು ಯಾರ ಕೈಗೂ ಕೊಡಬೇಡ ಅಂತ ನಮ್ಮವ್ವ ಬೆನ್ನಿಗೆ ಗುದ್ದೋಳು. ಬೆಲ್ಲ ಇಲ್ದೆ ಹೋಗಿದ್ರೆ ನಾನೂ ಹಂಗೇ ಕೇಳ್ತಿದ್ದೆ. ಬೆಲ್ಲ ತೋರಿಸು ಅವಳಿಗೆ."

ನಾನು ಪೊಟ್ಟಣ ಬಿಚ್ಚಿ ಬೆಲ್ಲದ ಚೂರು ತೋರಿಸಿದೆ. ಯಾರೂ ಹೋಗಿಲ್ಲ, ಸೂರ್ಯ ಹೋಗುತ್ತಿದ್ದಾನೆ ಅಷ್ಟೇ ಅಂದೆ. ಅದು ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಬೆಲ್ಲ ಬಾಯಿಗೆ ಹಾಕಿಕೊಂಡು, ಸಕ್ಕರೆ ಮೀನನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ನಮ್ಮನ್ನು ಒಳಗೆ ಕೂರಿಸಿ, ತಣ್ಣನೆಯ ನೀರು ಕೊಟ್ಟಳು. ಅತ್ತೆಗೂ ಅವಳಿಗೂ ಒಂದು ಪದವೂ ಸಾಮಾನ್ಯವಿಲ್ಲ. ಇಬ್ಬರೂ ತಮ್ಮ ತಮ್ಮ ಮೊಣಕಾಲು ಒತ್ತಿ ತೋರಿಸಿಕೊಂಡು ಅರ್ಧ ಗಂಟೆ ಮಾತಾಡಿದರು.

ಮೂರನೆಯ ದಿನ ನಮ್ಮ ತಟ್ಟೆ ವಾಪಸು ಬಂತು, ಬರಿದಾಗಿ ಅಲ್ಲ. ಒಂದಷ್ಟು ನಿಂಬೆಹಣ್ಣು, ಜತೆಗೆ ಪಾಸ್ತೇಲಿ. ಎಳ್ಳನ್ನು ಜೇನುತುಪ್ಪದ ಪಾಕದಲ್ಲಿ ಕಾಸಿ, ತೆಳ್ಳಗೆ ತಟ್ಟಿ ಕತ್ತರಿಸಿದ ಬಿಲ್ಲೆಗಳು. ಅತ್ತೆ ಒಂದು ಮುರಿದು ಬಾಯಿಗೆ ಹಾಕಿಕೊಂಡರು, ಆಮೇಲೆ ಇನ್ನೊಂದು. "ಚಿಗಳಿ ಇದು. ಜೇನಿನದು. ಎಳ್ಳು ಒಂದ್ ಚೂರು ಜಾಸ್ತಿ ಹುರಿದಿದಾಳೆ." ಅಮ್ಮನ ನಂತರ ಎಳ್ಳಿನ ಬಗ್ಗೆ ತೀರ್ಪು ಕೊಡುವವರು ನನಗೆ ಸಿಕ್ಕಿದ್ದು ಆ ದಿನ.

ಯಾಯಾಳ ಕಥೆ ಬಂದದ್ದು ಆಮೇಲಿನ ವರ್ಷಗಳಲ್ಲಿ, ತುಣುಕು ತುಣುಕಾಗಿ. ಪೆಲೊಪೊನೀಸಿನ ಒಂದು ಹಳ್ಳಿಯಿಂದ 60ರ ದಶಕದಲ್ಲಿ ಪಾತ್ರಿಸ್ ಎಂಬ ಹಡಗಿನಲ್ಲಿ ಬಂದವಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಅರ್ಧ ಆಯುಸ್ಸು. ಬುಡಮೇಲಾದ ಹಬ್ಬಗಳ ವಿಷಯದಲ್ಲಿ ಅವಳು ನನ್ನ ಹಿರಿಯಳು. ಅವಳ ದೊಡ್ಡ ಹಬ್ಬ ಈಸ್ಟರ್. ಊರಿನಲ್ಲಿ ಅದು ವಸಂತದ್ದು, ಬೆಟ್ಟವೆಲ್ಲ ಹೂವು. ಇಲ್ಲಿ ಎಲೆ ಉದುರುವ ಕಾಲಕ್ಕೆ ಬರುತ್ತದೆ. ನಡುರಾತ್ರಿ ಚರ್ಚಿನಿಂದ ಮೇಣದಬತ್ತಿ ಆರದ ಹಾಗೆ ಮನೆಗೆ ತಂದು, ಅದರ ಹೊಗೆಯಲ್ಲಿ ಬಾಗಿಲ ಮೇಲೆ ಶಿಲುಬೆ ಬರೆಯಬೇಕು. ಇಲ್ಲಿನ ಏಪ್ರಿಲ್ ಗಾಳಿಗೆ ಬತ್ತಿ ಉಳಿಸಿಕೊಳ್ಳುವುದೇ ಕಷ್ಟ. ಜನವರಿ 6ರ ಹಬ್ಬದ ಬಗ್ಗೆ ಹೇಳುವಾಗ ಮಾತ್ರ ಅವಳಿಗೆ ನಗು. ಅವತ್ತು ಪಾದ್ರಿ ಸಮುದ್ರಕ್ಕೆ ಶಿಲುಬೆ ಎಸೆಯುತ್ತಾನೆ, ಹುಡುಗರು ಹಾರಿ ತರುತ್ತಾರೆ. ಗ್ರೀಸಿನಲ್ಲಿ ನೀರು ಕೊರೆಯುತ್ತಿರುತ್ತದೆ, ಹಾರಿದವನು ಗಂಡುಗಲಿ. "ಇಲ್ಲಿ ನೋಡು, ಬೇಸಿಗೆ. ಎಲ್ಲರೂ ಹಾರುತ್ತಾರೆ. ಹೊರಗೆ ಬರೋಕೇ ಒಲ್ಲರು." ಇಷ್ಟು ವರ್ಷಕ್ಕೆ ಅಭ್ಯಾಸವಾಯಿತೇ ಎಂದು ಕೇಳಿದ್ದಕ್ಕೆ, ಮಕ್ಕಳಿಗೆ ಆಗಿದೆ, ಅವರಿಗೆ ಇದೇ ಸರಿ ಅನ್ನಿಸುತ್ತದೆ ಅಂದಳು. ನನ್ನ ಮಗಳೂ ಸಂಕ್ರಾಂತಿ ಅಂದರೆ ಸೆಖೆಯ ಹಬ್ಬ ಎಂದೇ ಶಾಲೆಯ ಪುಸ್ತಕದಲ್ಲಿ ಬರೆದಿದ್ದಳು.

ನಮ್ಮಪ್ಪ ತೀರಿಕೊಂಡ ವರ್ಷ ಹಬ್ಬವಿರಲಿಲ್ಲ. ನಾನು ಊರಿಗೆ ಹೋಗಿ, ಹದಿಮೂರು ಮುಗಿಸಿ ಬಂದಿದ್ದೆ. ಜನವರಿ ಬಂದಾಗ ಎಳ್ಳಿನ ಡಬ್ಬಿ ಮುಟ್ಟಲಿಲ್ಲ. ಯಾಯಾ ಬೇಲಿಯ ಹತ್ತಿರ ಬಂದು, "ಈ ಸಲ ಬೀಜ ಇಲ್ಲವಾ?" ಎಂದಳು. ಇಲ್ಲ, ಈ ಸಲ ನಿಜವಾಗಿ ಒಬ್ಬರು ಹೋದರು ಅಂದೆ. ಅವಳು ಅಪ್ಪನ ಹೆಸರು ಕೇಳಿದಳು. ಎರಡು ಸಲ ನನ್ನ ಬಾಯಿಂದ ಹೇಳಿಸಿ, ತಾನೂ ಹೇಳಲು ನೋಡಿದಳು. ಮಹಾಪ್ರಾಣ ಅವಳ ನಾಲಿಗೆಗೆ ಹತ್ತಲಿಲ್ಲ. ಚರ್ಚಿನಲ್ಲಿ ಬೇರೆ ಮತದವರ ಹೆಸರು ಓದುವುದಿಲ್ಲವಂತೆ. "ಮೇಣದಬತ್ತಿ ಹಚ್ಚೋಕೆ ಯಾರನ್ನೂ ಕೇಳಬೇಕಾಗಿಲ್ಲ" ಅಂದಳು. ಆ ಭಾನುವಾರ ನಮ್ಮ ಬಾಗಿಲ ಹಿಡಿಗೆ ಒಂದು ಕಾಗದದ ಚೀಲ ನೇತುಹಾಕಿ ಹೋಗಿದ್ದಳು. ಗೋಧಿ ಮೆತ್ತಗೆ ಬೆಂದಿತ್ತು. ಎಳ್ಳು ಎಂದಿನಂತೆ ಒಂದು ಚೂರು ಜಾಸ್ತಿ ಹುರಿದಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸೂತಕದ ಮನೆಯವರು ಬೇರೆಯವರ ಶ್ರಾದ್ಧದ್ದು ತಿನ್ನಬಹುದೇ ಎಂದು ಅವಳು ಕೇಳಬಹುದು ಅಂದುಕೊಂಡಿದ್ದೆ. "ದಾಳಿಂಬೆ ಹಾಕಿದ್ದರಾ? ನಿಮ್ಮಪ್ಪನಿಗೆ ಇಷ್ಟ" ಅಂದಳು.

ಈಗ ಆ ಮನೆ ಇಲ್ಲ. ಯಾಯಾಳ ಮಂಡಿ ಪೂರ್ತಿ ಕೈಕೊಟ್ಟಮೇಲೆ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಒಂದು ಗಂಟೆಯ ದಾರಿ. ಎಳ್ಳಿನ ಡಬ್ಬಿಯನ್ನು ಅಲ್ಲಿಗೂ ಮುಟ್ಟಿಸುತ್ತೇವೆ, ಈಗ ಹಲ್ಲಿಲ್ಲವೆಂದು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಎರಡು ಎದ್ದಿವೆ, ನಿಂಬೆ ಮರ ಹೋಗಿದೆ. ಒಂದರಲ್ಲಿ ಮಲೇಷ್ಯಾದ ಗಂಡ ಹೆಂಡತಿ, ಇನ್ನೊಂದರಲ್ಲಿ ಇಲ್ಲಿಯದೇ ಹುಡುಗ ಮತ್ತು ಅವನ ಪುಟ್ಟ ಮಗಳು. ಹೋದ ಸಂಕ್ರಾಂತಿಗೆ ತಟ್ಟೆ ಹಿಡಿದು ಹೋದೆ. ಬಾಗಿಲಲ್ಲಿ ಮೊದಲು ಕೇಳುವುದು ಈಗ ನಾನೇ: ಮನೆಯಲ್ಲಿ ಯಾರಿಗಾದರೂ ಎಳ್ಳು, ಕಡಲೆಕಾಯಿ ಆಗುವುದಿಲ್ಲವೇ? ಮಗಳಿಗೆ ಕಡಲೆಕಾಯಿ ಆಗುವುದಿಲ್ಲ ಎಂದ. ಪೊಟ್ಟಣವನ್ನು ಚೀಲಕ್ಕೆ ಸೇರಿಸಿ, ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ ಸಕ್ಕರೆ ಅಚ್ಚು ಮುಂದೆ ಹಿಡಿದೆ. ಮಗು ಗಿಳಿ, ಮೀನು ಎರಡನ್ನೂ ಬಿಟ್ಟು ಬಸವನನ್ನು ಆರಿಸಿಕೊಂಡಿತು. ಬೆನ್ನ ಮೇಲಿನ ಮೊಡವೆಯನ್ನು ಉಗುರಿನಿಂದ ಕೆರೆದು ನೋಡಿ, ಮೊದಲು ಕೊಂಬು ಕಚ್ಚಿತು.

ರಾತ್ರಿ ವೀಡಿಯೋ ಕಾಲಿನಲ್ಲಿ ಅತ್ತೆಗೆ ವರದಿ ಒಪ್ಪಿಸಿದೆ. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಕಡಲೆಕಾಯಿ ಆಗದ ಮಗುವಿನ ವಿಷಯ ಎರಡು ಸಲ ಹೇಳಬೇಕಾಯಿತು.

"ಆಗದಿದ್ರೆ ಬಿಡು, ಅದಕ್ಕ್ಯಾಕೆ ಬರೀ ಅಚ್ಚು ಕೊಟ್ಟು ಬಂದೆ? ಮುಂದಿನ ವರ್ಷ ಆ ಮನೇಗೆ ಕಡಲೆಕಾಯಿ ಬಿಟ್ಟು ಮೊದಲೇ ಕಲಸಿಡು. ಬೇರೆ ಬಾಣಲೆ, ಬೇರೆ ಚಾಕು. ಅವರಪ್ಪನ್ನ ಕೇಳ್ಕೊಂಡೇ ಕಲಸು. ಆಮೇಲೆ ಆ ಮಲೇಷ್ಯಾದೋರು ತಟ್ಟೇಲಿ ಏನು ಹಾಕಿ ಕಳಿಸಿದರು, ಅದು ಹೇಳು."